ಏರ್ ರೈಫಲ್ ವಾರಂಟಿ: ಬಿಚ್ಚದೇನೇ ರಿಪೇರಿ ಆಗಿದೆ ಅಂತ ವಾಪಸ್ ಕಳಿಸಿದ್ದಾರೆ, ಮುಂದೇನು ಮಾಡಲಿ?

ಹದಡಿರಸ್ತೆಯವ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಗಳು ಡಿಗ್ರಿ ಎರಡನೇ ವರ್ಷ, ಎನ್‌ಸಿಸಿಯಲ್ಲಿದ್ದಾಳೆ. ಕ್ಯಾಂಪ್‌ನಲ್ಲಿ ಗುರಿ ಹೊಡೆದು ಬಂದ ಮೇಲೆ ಅವಳಿಗೆ ಅದೇ ಧ್ಯಾನ. ಮನೆ ಹಿಂದೆ 10 ಮೀಟರ್ ಜಾಗ ಇದೆ, ಕೊನೆಗೆ ಎತ್ತರದ ಗೋಡೆ. ಅದರ ಮುಂದೆ ಮರಳಿನ ಚೀಲ ಜೋಡಿಸಿಕೊಟ್ಟೆ. ಜೂನ್‌ನಲ್ಲಿ ನನ್ನ ಆಧಾರ್ ಕೊಟ್ಟು, ನನ್ನ ಹೆಸರಲ್ಲೇ ಬಿಲ್ ಹಾಕಿಸಿ, ಕಂಪನಿಯ ವೆಬ್‌ಸೈಟ್‌ನಿಂದಲೇ ಏರ್ ರೈಫಲ್ ತರಿಸಿದೆ. 4.5 ಮಿ.ಮೀ., ಬ್ಯಾರಲ್ ಮಡಚಿ ಕಾಕ್ ಮಾಡುವ (ಅಂದರೆ ಒಳಗಿನ ಸ್ಪ್ರಿಂಗ್ ಬಿಗಿ ಮಾಡುವ) ಸ್ಪ್ರಿಂಗ್ ಮಾಡೆಲ್. 13,800 ರೂಪಾಯಿ, ಒಂದು ವರ್ಷ ವಾರಂಟಿ. ಕಂಪನಿ ಹೆಸರು ಸದ್ಯಕ್ಕೆ ಹಾಕುವುದಿಲ್ಲ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಪೆಲೆಟ್ (ಅದರ ಸಣ್ಣ ಗುಂಡು) ಗುರಿಗಿಂತ ಕೆಳಗೆ ಬೀಳೋಕೆ ಶುರುವಾಯ್ತು. ಮಗಳು ತನ್ನ ಕೈಯದೇ ತಪ್ಪು ಅಂದುಕೊಂಡು ಹದಿನೈದು ದಿನ ಒದ್ದಾಡಿದಳು, ನನಗೆ ಜಾಸ್ತಿ ಬೇಜಾರಾಗಿದ್ದು ಅದೇ. ಒಂದು ಭಾನುವಾರ ನಾನೇ ಹೊಡೆದು ನೋಡಿದೆ. ಮೊದಲೆಲ್ಲ ಎರಡು ಪದರದ ರಟ್ಟು ತೂರಿ ಮರಳಿಗೆ ಹೋಗುತ್ತಿದ್ದ ಪೆಲೆಟ್, ಈಗ ರಟ್ಟಿಗೆ ಬಡಿದು ಅಲ್ಲೇ ಕೆಳಗೆ ಬಿತ್ತು.

ಕಂಪನಿಗೆ ವಿಡಿಯೋ ಕಳಿಸಿದೆ. 11 ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿ, "ಪೆಲೆಟ್ ಹಾಕದೆ ಖಾಲಿ ಹೊಡೆದಿದ್ದೀರಿ, ಅದಕ್ಕೇ ಗಾಳಿ ತಡೆಯುವ ಒಳಗಿನ ಸೀಲ್ ಹೋಗಿದೆ" ಅಂದರು. ರೈಫಲ್ ಕಣ್ಣಲ್ಲೂ ನೋಡಿಲ್ಲ, ಅಷ್ಟರಲ್ಲೇ ತೀರ್ಮಾನ! ಜಗಳ ಆಡಿದ ಮೇಲೆ, ನಿಮ್ಮ ಖರ್ಚಲ್ಲೇ ಕಳಿಸಿ ಅಂದರು. ಅಶೋಕ ರಸ್ತೆ ಕಡೆ ಇಬ್ಬರು ಕೊರಿಯರ್‌ನವರು ಗನ್ ಅಂದ ತಕ್ಷಣ ಬೇಡವೇ ಬೇಡ ಅಂದರು. ಹೊಡೆತದ ಶಕ್ತಿ 20 ಜೂಲ್ ಒಳಗಿರುವ 4.5 ಮಿ.ಮೀ. ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮೂರನೆಯವರು ಬಿಲ್ ಕಾಪಿ ಇಟ್ಟುಕೊಂಡು, 640 ರೂಪಾಯಿ ತಗೊಂಡು ಕಳಿಸಿದರು.

ಈಗ ಮುಖ್ಯ ವಿಷಯ. ಪ್ಯಾಕ್ ಮಾಡುವ ಮುಂಚೆ ಮಗಳು ಮರದ ಹಿಡಿಯನ್ನು ಬಿಗಿದಿರುವ ಸ್ಕ್ರೂಗಳ ಮೇಲೆಲ್ಲ ನೇಲ್ ಪಾಲಿಶ್‌ನ ಚುಕ್ಕಿ ಇಟ್ಟಿದ್ದಳು, ಅರ್ಧ ಸ್ಕ್ರೂ ಮೇಲೆ, ಅರ್ಧ ಮರದ ಮೇಲೆ. ಫೋಟೋನೂ ತೆಗೆದಿದ್ದಳು. 38 ದಿನ ಆದ ಮೇಲೆ ರೈಫಲ್ ಬಂತು. ಜಾಬ್ ಕಾರ್ಡ್‌ನಲ್ಲಿ "ಪಿಸ್ಟನ್ ಸೀಲ್ ಬದಲಿಸಿದೆ, ಟೆಸ್ಟ್ ಮಾಡಿದೆ" ಅಂತ ಬರೆದು 1,150 ರೂಪಾಯಿ ಸರ್ವಿಸ್ ಚಾರ್ಜ್ ಹಾಕಿದ್ದಾರೆ. ಡಬ್ಬಿ ಬಿಚ್ಚಿ ನೋಡಿದರೆ ಚುಕ್ಕಿಗಳು ಹಾಗೇ ಇವೆ, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಪೆಲೆಟ್ ಈಗಲೂ ರಟ್ಟಿನಿಂದ ಕೆಳಗೆ ಬೀಳುತ್ತೆ.

ಹಿಡಿ ಬಿಚ್ಚದೆ ಪಿಸ್ಟನ್ ಸೀಲ್ ಹಾಕೋಕೆ ಆಗುತ್ತಾ? ಮತ್ತೆ, ತಕರಾರು ಏನಿದ್ದರೂ ಅವರ ಊರಿನ ಕೋರ್ಟಿಗೇ ಬರಬೇಕು ಅಂತ ಬಿಲ್ ಹಿಂದೆ ಅಚ್ಚಾಗಿದೆ. ದಾವಣಗೆರೆಯಲ್ಲಿ ಕೂತು ನಾನೇನು ಮಾಡಬಹುದು?

ಪೆಲೆಟ್‌ಮೇಷ್ಟ್ರು

ಸರ್, ಆಗಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಗಾಳಿ ಒತ್ತುವ ಪಿಸ್ಟನ್, ಅದರ ಸೀಲ್ ಇರುವುದು ಒಳಗಿನ ಸಿಲಿಂಡರ್‌ನಲ್ಲಿ. ಮೊದಲು ಹಿಡಿ ಕಳಚಬೇಕು, ಆಮೇಲೆ ಒತ್ತಡದಲ್ಲಿರುವ ಸ್ಪ್ರಿಂಗ್ ತೆಗೀಬೇಕು, ಆಗಲೇ ಪಿಸ್ಟನ್ ಕೈಗೆ ಬರುವುದು. ಹಿಡಿ ಬಿಚ್ಚದೆ ಬದಲಿಸಬಹುದಾದದ್ದು ಬ್ಯಾರಲ್ ಮಡಚುವ ಜಾಗದಲ್ಲಿರುವ ಸಣ್ಣ ರಬ್ಬರ್ ರಿಂಗ್ ಒಂದೇ. ಅವರು ಬರೆದಿರೋದು ಪಿಸ್ಟನ್ ಸೀಲ್ ತಾನೇ? ಹಾಗಾದರೆ ನಿಮ್ಮ ಮಗಳ ಚುಕ್ಕಿಯೇ ಸಾಕ್ಷಿ.

ಒಂದು ಪರೀಕ್ಷೆ ಮಾಡಿ. ಟಿಶ್ಯೂ ಪೇಪರ್‌ನ ತೆಳು ಪಟ್ಟಿಯನ್ನು ಆ ಮಡಚುವ ಸಂದಿಯ ಮೇಲಿಟ್ಟು, ಪೆಲೆಟ್ ಹಾಕಿ ಮರಳಿನ ಚೀಲಕ್ಕೆ ಒಂದು ಹೊಡೀರಿ. ಪಟ್ಟಿ ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ ಅಂತ. ಅಲುಗಾಡದಿದ್ದರೆ ತೊಂದರೆ ಒಳಗಿದೆ. ಕಾಕ್ ಮಾಡುವಾಗ ಮೊದಲಿಗಿಂತ ಸಡಿಲ ಅನ್ನಿಸಿದರೆ, ಕಿರ್ ಅಂತ ಸದ್ದು ಬಂದರೆ ಸ್ಪ್ರಿಂಗ್ ಮೇಲೆ ಅನುಮಾನ. ಬಿಗಿ ಹಾಗೇ ಇದ್ದು ಹೊಡೆತ ಮಾತ್ರ ಕಮ್ಮಿ ಆಗಿದ್ದರೆ ಸೀಲ್.

ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ, ಖಾಲಿ ಹೊಡೆಯುವುದು ಕೆಟ್ಟದ್ದು. ಪೆಲೆಟ್ ಇದ್ದರೆ ಅದರ ಹಿಂದಿನ ಗಾಳಿ ಪಿಸ್ಟನ್‌ಗೆ ಮೆತ್ತೆಯ ಹಾಗೆ ತಡೆ ಕೊಡುತ್ತೆ, ಇಲ್ಲದಿದ್ದರೆ ಪಿಸ್ಟನ್ ಹೋಗಿ ಸಿಲಿಂಡರ್ ಕೊನೆಗೆ ಬಡಿಯುತ್ತೆ. ಆದರೆ ನೀವು ಹಾಗೆ ಮಾಡಿದ್ದೀರಿ ಅನ್ನೋದನ್ನ ಬಿಚ್ಚಿ ನೋಡದೆ ಫೋನ್‌ನಲ್ಲೇ ಹೇಗೆ ಕಂಡುಹಿಡಿದರು?

ಸರಿಯಾಗುವ ತನಕ ಮಗಳಿಗೆ ಹಿಡಿದು ನಿಲ್ಲುವ ಅಭ್ಯಾಸ ಮಾಡೋಕೆ ಹೇಳಿ. ಕಾಕ್ ಮಾಡದೆ, ಪೆಲೆಟ್ ಹಾಕದೆ, ಗೋಡೆಯ ಮೇಲಿನ ಚುಕ್ಕಿ ನೋಡುತ್ತಾ ದಿನಕ್ಕೆ ಹತ್ತು ಹದಿನೈದು ನಿಮಿಷ. 10 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅಲ್ಲಿ ಕೆಲಸ ಮಾಡುವುದು ನಿಲ್ಲುವ ರೀತಿ ಮತ್ತು ಉಸಿರು.

ಮಂಡಿಪೇಟೆ ಹುಡುಗ

ಅಣ್ಣ, ಸೀಲ್‌ಗೆ ಕೆಲವು ನೂರು ರೂಪಾಯಿ ಅಷ್ಟೇ. ಗೊತ್ತಿರುವ ಮೆಕ್ಯಾನಿಕ್ ಹತ್ರ ಹಾಕಿಸಿ ಮುಗಿಸಿ. ಕೇಸು ಗೀಸು ಅಂತ ಅಲೆದರೆ ಅದರ ಎರಡರಷ್ಟು ಓಡಾಟಕ್ಕೇ ಹೋಗುತ್ತೆ. ಮಗಳ ಪ್ರಾಕ್ಟೀಸ್ ನಿಲ್ಲಬಾರದು ಅಲ್ವಾ?

ದುರ್ಗದ ಅಕ್ಕ (ಚಿತ್ರದುರ್ಗ)

ತಮ್ಮ, ನಿನ್ನ ಮಾತು ತಪ್ಪಲ್ಲ, ಆದರೆ ಈಗ ಬಿಚ್ಚಿಸಿದರೆ ಆ ಚುಕ್ಕಿಗೆ ಬೆಲೆಯೇ ಇರಲ್ಲ. ಹೊರಗಿನವರು ಬಿಚ್ಚಿದ್ದಾರೆ, ವಾರಂಟಿ ಇಲ್ಲ ಅಂತ ಕಂಪನಿ ಕೈ ತೊಳೆದುಕೊಳ್ಳುತ್ತೆ. ನಾನು ಬೋರ್‌ವೆಲ್ ಮೋಟಾರಿನ ವಿಷಯದಲ್ಲಿ ಇದೇ ತಪ್ಪು ಮಾಡಿದ್ದೆ. ತೋಟ ಒಣಗುತ್ತಿದೆ ಅಂತ ಅವಸರಕ್ಕೆ ವೈಂಡಿಂಗ್ ಮಾಡಿಸಿದೆ, ಆಮೇಲೆ ನನ್ನ ಕೈಯಲ್ಲಿ ತೋರಿಸೋಕೆ ಏನೂ ಉಳಿಯಲಿಲ್ಲ. ಎರಡನೇ ಸಲ ಇನ್ನೊಂದು ಮೋಟಾರಿಗೆ ಹಾಗಾದಾಗ ಮುಟ್ಟಲಿಲ್ಲ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆ. ಎಂಟು ತಿಂಗಳು ಹಿಡಿಯಿತು, ಆದರೆ ದುಡ್ಡು ಬಂತು.

ಸರ್, ಬಿಲ್ ಹಿಂದೆ ಏನೇ ಅಚ್ಚಾಗಿರಲಿ ತಲೆ ಕೆಡಿಸ್ಕೋಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕ ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತಿದೆ. ದಾವಣಗೆರೆಯಲ್ಲೇ ಆಯೋಗ ಇದೆ. ಐದು ಲಕ್ಷದ ಒಳಗಿನದಕ್ಕೆ ಫೀಸಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷ ಟೈಮ್ ಇದೆ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗವೇ ವಸ್ತುವನ್ನು ಪರೀಕ್ಷೆಗೆ ಲ್ಯಾಬ್‌ಗೆ ಕಳಿಸಬಹುದು, ಅದಕ್ಕೇ ಬಿಚ್ಚಬೇಡಿ ಅಂದಿದ್ದು.

ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಕನ್ನಡದಲ್ಲೇ ಮಾತಾಡಬಹುದು. ವೆಬ್‌ಸೈಟಲ್ಲಿ ಮಾರುವವರು 48 ಗಂಟೆಯಲ್ಲಿ ದೂರು ಬಂದಿದೆ ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು, ಇದು 2020ರ ಇ-ಕಾಮರ್ಸ್ ನಿಯಮ. ನಿಮಗೆ 11 ದಿನ ಉತ್ತರವೇ ಬಂದಿಲ್ಲ, ಅದನ್ನೂ ಬರೀರಿ. ಆಮೇಲೆ 15 ದಿನ ಗಡುವು ಕೊಟ್ಟು ಒಂದು ನೋಟಿಸ್, ಸ್ಪೀಡ್ ಪೋಸ್ಟ್‌ನಲ್ಲಿ. ಫೋನ್‌ನಲ್ಲಿ ಇನ್ನು ಏನೂ ಮಾತಾಡಬೇಡಿ, ಮೇಲ್ ಮಾಡಿ ಅನ್ನಿ.

ಹದಡಿರಸ್ತೆಯವ (ದಾವಣಗೆರೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಟಿಶ್ಯೂ ಇಟ್ಟು ಮೂರು ಸಲ ನೋಡಿದೆವು, ಸ್ವಲ್ಪವೂ ಅಲುಗಾಡಲಿಲ್ಲ. ಕಾಕ್ ಮಾಡುವಾಗ ಬಿಗಿ ಮೊದಲಿನ ಹಾಗೇ ಇದೆ. ಅಂದರೆ ಅವರು ಬದಲಿಸಿದೆವು ಅಂದ ಸೀಲೇ ಹೋಗಿರೋದು.

ಅಕ್ಕಾ, 1915ರಲ್ಲಿ ದೂರು ಬರೆಸಿದೆ, ನಂಬರ್ ಕೊಟ್ಟಿದ್ದಾರೆ. ನೋಟಿಸ್ ಜೊತೆ ಚುಕ್ಕಿಯ ಎರಡೂ ಫೋಟೋ ಇಟ್ಟೆ, ಕಳಿಸುವ ಮುಂಚಿನದು ಮತ್ತು ಬಂದ ಮೇಲಿನದು. ನಿನ್ನೆ ಕಂಪನಿಯಿಂದ ಫೋನ್ ಬಂತು, ಈ ಸಲ ನಾವೇ ಬಂದು ತಗೊಂಡು ಹೋಗುತ್ತೇವೆ, ಚಾರ್ಜ್ ಬೇಡ ಅಂದರು. ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ, ಹಿಂದೆ ತಗೊಂಡ 1,150 ವಾಪಸ್ ಕೊಡುವುದನ್ನೂ ಅದರಲ್ಲೇ ಬರೀರಿ ಅಂದೆ. ಫೋನ್ ಇಟ್ಟುಬಿಟ್ಟರು. ಮೇಲ್ ಇನ್ನೂ ಬಂದಿಲ್ಲ.

ಗಡುವು ಮುಗಿಯಲು ಒಂಬತ್ತು ದಿನ ಇದೆ. ರೈಫಲ್ ಡಬ್ಬಿಗೆ ಹಾಕಿಲ್ಲ, ಮಗಳು ಬೆಳಿಗ್ಗೆ ಅದನ್ನೇ ಹಿಡಿದು ಗೋಡೆ ಮುಂದೆ ನಿಲ್ಲುತ್ತಾಳೆ. ಮೇಲ್ ಬಂದರೆ ಇಲ್ಲಿ ಹಾಕುತ್ತೇನೆ, ಬರದಿದ್ದರೆ ಹತ್ತನೇ ದಿನ ಆಯೋಗಕ್ಕೆ ಹೋಗುತ್ತೇನೆ. ಅಕ್ಕಾ, ದೂರಿನ ಅರ್ಜಿಗೆ ಎಷ್ಟು ಸೆಟ್ ಜೆರಾಕ್ಸ್ ಬೇಕಾಗುತ್ತೆ?