ಹಳೇ ಕ್ಷೌರಕತ್ತಿ: ಶೆಫೀಲ್ಡಿನದೋ, ಸೋಲಿಂಗನ್ನಿನದೋ?

ಹೊಸಗಡ್ಡ:
ನಮಸ್ಕಾರ. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಮಡಚುವ ಕ್ಷೌರಕತ್ತಿ ಇವೆ, ಎರಡಕ್ಕೂ ಒಂದೇ ಬೆಲೆ.

ಒಂದು ಇಂಗ್ಲೆಂಡಿನ ಶೆಫೀಲ್ಡಿನದು. ಅಲಗಿನ ಅಗಲ 19 ಮಿ.ಮೀ., ಬೆನ್ನು ದಪ್ಪ, ಬದಿಗಳು ಹೆಚ್ಚುಕಮ್ಮಿ ಚಪ್ಪಟೆ, ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ಕಿರೀಟ, ಅದರ ಆಚೀಚೆ ವಿ ಮತ್ತು ಆರ್ ಅಕ್ಷರ. ಅಲ್ಲಲ್ಲಿ ಕಪ್ಪು ಕಲೆ. ಇನ್ನೊಂದು ಜರ್ಮನಿಯ ಸೋಲಿಂಗನ್ನಿನದು. 16 ಮಿ.ಮೀ., ಎರಡೂ ಬದಿ ಒಳಕ್ಕೆ ಬಾಗಿದ ತೆಳು ಅಲಗು, ಹಿಡಿ ಜೇನುಬಣ್ಣದ್ದು, ಬೆಳಕು ಹಾಯುತ್ತದೆ. ನೋಡಲು ಇದೇ ಚೆಂದ. ಆದರೆ ಮಡಚಿದಾಗ ಹಿಡಿಯೊಳಗೆ ಮಲಗುವ ಭಾಗದಲ್ಲಿ ತುಕ್ಕು ಹತ್ತಿದೆ.

ಗಾಜಿನ ಕಪಾಟಿನಲ್ಲಿಡಲು ಅಲ್ಲ, ಗಡ್ಡ ಕೆರೆಯಲು ಬೇಕು. ಯಾವುದು ತಗೊಳ್ಳಲಿ? ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಟ್ಟರೆ ಆಗುತ್ತದೆಯೇ? ಸಲೂನಿನಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಇರುವಾಗ ಈ ಹಳೇದರಲ್ಲಿ ಅಂಥದ್ದೇನಿದೆ ಅಂತಲೂ ತಿಳಿದವರು ಹೇಳಿ.

ಮಸೆಗಲ್ಲು:
ಮೊದಲು ಸಾಣೆಯ ಮಾತು. ಬೇಡವೇ ಬೇಡ ಸಾರ್. ಒಣ ಚಕ್ರಕ್ಕೆ ತಾಗಿದ ತೆಳು ಅಂಚು ಕ್ಷಣದಲ್ಲಿ 200 ಡಿಗ್ರಿ ದಾಟುತ್ತದೆ, ಉಕ್ಕಿನ ಹದ ಹೋಗುತ್ತದೆ. ನೀಲಿ ಬಣ್ಣ ಕಂಡರೆ ಅಷ್ಟು ಭಾಗ ಮೆತ್ತಗಾಯಿತು ಅಂತಲೇ ಲೆಕ್ಕ, ಅದನ್ನು ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಜೊತೆಗೆ ಅವರು ಹಿಡಿಯುವುದು ಅಡುಗೆಮನೆ ಚಾಕುವಿನ ಕೋನ. ಕ್ಷೌರಕತ್ತಿಗೆ ಕೋನವನ್ನು ಕೈ ನಿರ್ಧರಿಸುವುದಿಲ್ಲ, ಬೆನ್ನು ನಿರ್ಧರಿಸುತ್ತದೆ: ಬೆನ್ನು ಮತ್ತು ಬಾಯಿ (ಕೊಯ್ಯುವ ಅಂಚು) ಎರಡೂ ಏಕಕಾಲಕ್ಕೆ ಕಲ್ಲಿನ ಮೇಲೆ ಮಲಗಿರಬೇಕು.

ಎರಡರಲ್ಲಿ ಸೋಲಿಂಗನ್ ಬಿಟ್ಟುಬಿಡಿ. ಊರಿನ ದೋಷವಲ್ಲ, ಹಿಡಿಯ ದೋಷ. ಜೇನುಬಣ್ಣದ ಆ ಹಿಡಿ ಬಹುಮಟ್ಟಿಗೆ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್. ಅದು ವಯಸ್ಸಾದಂತೆ ಒಡೆದು ನೈಟ್ರಿಕ್ ಆಮ್ಲದ ಆವಿ ಬಿಡುತ್ತದೆ. ಮಡಚಿಟ್ಟ ಕತ್ತಿಯಲ್ಲಿ ಆ ಆವಿಗೆ ಸಿಗುವುದು ಅಲಗೇ. ಹಿಡಿ ಮುಚ್ಚುವ ಭಾಗದಲ್ಲಿ ಮಾತ್ರ ತುಕ್ಕು ಅಂದರೆ ಅದೇ ರೋಗ. ಹಿಡಿಯಲ್ಲಿ ಮಂಜು ಕವಿದಂತೆ ಅಥವಾ ಹರಳುಗಟ್ಟಿದಂತೆ ಬಿರುಕು ಕಂಡರೆ, ಕರ್ಪೂರದ ಜೊತೆ ಹುಳಿ ವಾಸನೆ ಬಂದರೆ ಅನುಮಾನವೇ ಬೇಡ. ಬೇರೆ ಕತ್ತಿಗಳ ಪಕ್ಕ ಇಟ್ಟರೆ ಅವಕ್ಕೂ ಹತ್ತುತ್ತದೆ. ಬೆಂಕಿಗೂ ಸುಲಭದ ತುತ್ತು.

ಶೆಫೀಲ್ಡಿನದು ಕೊಳ್ಳುವ ಮುಂಚೆ ಒಂದು ವರ್ನಿಯರ್ ಕ್ಯಾಲಿಪರ್, ಒಂದು 10 ಪಟ್ಟಿನ ಭೂತಗನ್ನಡಿ ಒಯ್ಯಿರಿ. ಬೆನ್ನಿನ ದಪ್ಪವನ್ನು ಅಲಗಿನ ಅಗಲದಿಂದ ಭಾಗಿಸಿ. 0.25ರಿಂದ 0.32ರೊಳಗೆ ಬಂದರೆ ಬಾಯಿಯ ಕೋನ ಸುಮಾರು 14ರಿಂದ 18 ಡಿಗ್ರಿ, ಅದು ಸರಿ. 19 ಮಿ.ಮೀ. ಅಗಲಕ್ಕೆ 5.5 ಮಿ.ಮೀ. ಬೆನ್ನಿದ್ದರೆ 16.6 ಡಿಗ್ರಿ, ಚೊಕ್ಕ. ಅದಕ್ಕಿಂತ ತೀರ ಕಡಿಮೆಯಾದರೆ ಬಾಯಿ ಉದುರುತ್ತದೆ, ಹೆಚ್ಚಾದರೆ ಕೂದಲನ್ನು ಕೊಯ್ಯದೆ ಎಳೆಯುತ್ತದೆ.

ಆಮೇಲೆ ಬಾಯಿಗೆ ನೇರವಾದ ಪಟ್ಟಿ ಹಿಡಿದು ಬೆಳಕಿಗೆ ನೋಡಿ. ನಡುವೆ ಉಬ್ಬಿದ್ದರೆ ಪರವಾಗಿಲ್ಲ. ನಡುವೆ ತಗ್ಗಿದ್ದರೆ ಚಪ್ಪಟೆ ಕಲ್ಲು ಅಲ್ಲಿಗೆ ಮುಟ್ಟುವುದಿಲ್ಲ, ಎರಡು ತುದಿಯನ್ನೂ ಸವೆಸಿ ಸಮ ಮಾಡಬೇಕಾಗುತ್ತದೆ. ಬೆನ್ನಿನ ಮೇಲಿನ ಸವೆದ ಪಟ್ಟೆ ಎರಡೂ ಕಡೆ ಒಂದೇ ಅಗಲ ಇರಬೇಕು. ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂದರೆ ಅಲಗು ತಿರುಚಿಕೊಂಡಿರಬಹುದು. ಕಪ್ಪು ಕಲೆಗೆ ಹೆದರಬೇಡಿ, ಕುಳಿಗೆ ಹೆದರಿ. ಬಾಯಿಯಿಂದ 2–3 ಮಿ.ಮೀ. ಒಳಗೆ ಕುಳಿ ಇದ್ದರೆ ಮಸೆಯುತ್ತಾ ಹೋದಂತೆ ಬಾಯಿ ಅದನ್ನು ಮುಟ್ಟುತ್ತದೆ, ಅಲ್ಲೇ ಚೂರು ಹಾರುತ್ತದೆ. ಕೊನೆಗೆ ಒಂದು ತೊಟ್ಟು ತೆಳು ಎಣ್ಣೆ ಸವರಿ ಒರೆಸಿ. ಬಾಯಿಯಿಂದ ಬೆನ್ನಿನ ಕಡೆ ಕೂದಲೆಳೆಯಂಥ ಕಪ್ಪು ಗೆರೆ ಉಳಿದರೆ ಅದು ಬಿರುಕು. ಅಂಥ ಕತ್ತಿ ಪುಕ್ಕಟೆ ಕೊಟ್ಟರೂ ಮುಖಕ್ಕೆ ಬೇಡ.

ಮುದ್ರೆನೋಡುವವ:
ವಿ ಆರ್ ಅಂದರೆ ವಿಕ್ಟೋರಿಯಾ ರಾಣಿಯ ಮುದ್ರೆ, ಆಳಿದ್ದು 1837ರಿಂದ 1901. ಅದೇ ಡಬ್ಲ್ಯು ಆರ್ ಆಗಿದ್ದರೆ ನಾಲ್ಕನೇ ವಿಲಿಯಂ, 1830–37. ಪಕ್ಕದಲ್ಲಿ 'ಇಂಗ್ಲೆಂಡ್' ಅಂತ ಕೊರೆದಿದೆಯಾ ನೋಡಿ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ 1890ರ ಮೆಕಿನ್ಲಿ ಸುಂಕದ ಕಾಯ್ದೆ ಹೇಳಿತು, 1891ರಿಂದ ಆ ಪದ ಶುರು. ಇದ್ದರೆ 1891ರ ನಂತರದ್ದು ಅನ್ನಲು ಬಲವಾದ ಕಾರಣ. ಇಲ್ಲದಿದ್ದರೆ ಹಿಂದಿನದು ಅಂತ ಆಣೆ ಮಾಡಬೇಡಿ, ಬೇರೆ ದೇಶಕ್ಕೆ ಮಾಡಿದ ಮಾಲಿಗೆ ಆ ಕಟ್ಟಳೆ ಇರಲಿಲ್ಲ.

'ಕಾಸ್ಟ್ ಸ್ಟೀಲ್' ಅಂತಿದ್ದರೆ ಅಚ್ಚಿನಲ್ಲಿ ಎರಕ ಹೊಯ್ದ ಅಲಗು ಅಂತಲ್ಲ. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡಿನಲ್ಲಿ ರೂಢಿಗೆ ತಂದ, ಮೂಸೆಯಲ್ಲಿ ಕರಗಿಸಿದ ಉಕ್ಕು ಅದು; ಅಲಗನ್ನು ಬಡಿದೇ ಮಾಡುತ್ತಿದ್ದರು. 'ಸಿಲ್ವರ್ ಸ್ಟೀಲ್' ಮುದ್ರೆಯ ಹಿಂದೆ ಇನ್ನೂ ಸ್ವಾರಸ್ಯ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಮತ್ತು ಮೈಕೆಲ್ ಫ್ಯಾರಡೆ 1820ರ ಸುಮಾರಿಗೆ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. ಬೆಳ್ಳಿ 500ರಲ್ಲಿ ಒಂದು ಪಾಲು ಇದ್ದಾಗ ಫಲ ಚೆನ್ನಾಗಿದೆ ಅಂತ ಬರೆದರು. ಆಮೇಲೆ ಬೆಳ್ಳಿ ಇದ್ದರೂ ಇಲ್ಲದಿದ್ದರೂ ಆ ಹೆಸರು ಎಲ್ಲರ ಕತ್ತಿಯ ಮೇಲೂ ಬಂತು ಅನ್ನಿ! ಅವರ ಪ್ರಯೋಗಕ್ಕೆ ಪ್ರೇರಣೆ ಕೊಟ್ಟದ್ದು ದಕ್ಷಿಣ ಭಾರತದ 'ವೂಟ್ಸ್' ಉಕ್ಕು. ಆ ಪದದ ಮೂಲ ನಮ್ಮ 'ಉಕ್ಕು' ಎಂದೇ ಸಾಮಾನ್ಯವಾಗಿ ಹೇಳುವುದು.

ಅಂಥದ್ದೇನಿದೆ ಅಂತ ಕೇಳಿದಿರಲ್ಲ, ಒಂದು ಉತ್ತರ ಇದೇ. ಅಂಗೈಯಷ್ಟು ಉಕ್ಕಿನಲ್ಲಿ ಊರು, ಕಾಲ, ಸುಂಕ, ಸುಳ್ಳು ಜಾಹೀರಾತು ಎಲ್ಲ ಓದಬಹುದು. ಓದಿ ಮುಗಿಸಿ ಅದರಲ್ಲೇ ಗಡ್ಡ ಕೆರೆಯಬಹುದು.

ಹಿಡಿ ಆನೆದಂತದ್ದು ಅಂತ ಯಾರಾದರೂ ಹೆಚ್ಚು ಬೆಲೆ ಹೇಳಿದರೆ ದೂರ ಸರಿಯಿರಿ. ನಮ್ಮಲ್ಲಿ ಅದರ ವ್ಯಾಪಾರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಎಷ್ಟು ಹಳೇದಾದರೂ.

ಕರಾವಳಿಗ:
ತೊಳೆಯುವ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ 0000 ನಂಬರಿನ ಉಕ್ಕಿನ ಉಣ್ಣೆಯಿಂದ ಉಜ್ಜಿ, ಆಮೇಲೆ ಬ್ರಾಸೋ ಪಾಲಿಶ್. ಸಾಕು. ಕುಳಿ ಪೂರ್ತಿ ಹೋಗಬೇಕು ಅಂತ 600, 1000, 2000 ಪಾಲಿಶ್ ಕಾಗದ ಹಿಡಿದು ಕೂತರೆ ಕುಳಿಯ ಜೊತೆ ಮುದ್ರೆಯೂ ಹೋಗುತ್ತದೆ. ಅಲಗಿನ ಮೇಲೆ ಚಿನ್ನದ ಬಣ್ಣದ ಬರಹವಿದ್ದರೆ ಅದರ ಹತ್ತಿರ ಬ್ರಾಸೋ ಕೂಡ ಬೇಡ, ಎರಡೇ ಉಜ್ಜಿಗೆ ಅಳಿಸುತ್ತದೆ. ಬಫಿಂಗ್ ಚಕ್ರ ಬೇಡ: ಅಂಚು ಸಿಕ್ಕಿಕೊಂಡರೆ ಕತ್ತಿ ಕೈಯಿಂದ ಹಾರುತ್ತದೆ.

ಸ್ಪಿರಿಟ್ಟಿನಿಂದ ಒರೆಸುವುದು ಉಕ್ಕನ್ನು ಮಾತ್ರ. ಬಿಸಿನೀರಿನಲ್ಲಿ ನೆನೆಸಿದರೆ ಕೊಂಬಿನ ಹಿಡಿ ಸೊಟ್ಟಗಾಗುತ್ತದೆ, ಮಡಚುವಾಗ ಬಾಯಿ ಹಿಡಿಗೆ ತಾಗುತ್ತದೆ. ಮಳೆಗಾಲಕ್ಕೆ ಮಿನರಲ್ ಆಯಿಲ್ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ತೆಂಗಿನೆಣ್ಣೆ ತಿಂಗಳುಗಟ್ಟಲೆ ಇದ್ದರೆ ಕಮಟಾಗಿ ಅಂಟಾಗುತ್ತದೆ. ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಅದರಲ್ಲಿ ಬೇಡವೇ ಬೇಡ.

ಹೊಸಗಡ್ಡ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಶೆಫೀಲ್ಡಿನದನ್ನೇ ಅಳೆದು ನೋಡುತ್ತೇನೆ. ಸರಿಯಿದ್ದರೆ ಮಸೆಯುವುದು ಹೇಗೆ?

ಮಸೆಗಲ್ಲು:
ಕಲ್ಲುಗಳು 1000, 4000, 8000, 12000 ನಂಬರಿನವು; ನಂಬರು ಏರಿದಷ್ಟೂ ಕಲ್ಲು ನಯ. ಮೊದಲು ಕಲ್ಲನ್ನೇ ಸಮ ಮಾಡಿ: ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಎಳೆದು ವಜ್ರದ ಪುಡಿಯ ಫಲಕದಲ್ಲಿ ಉಜ್ಜಿ, ಗೆರೆಯೆಲ್ಲ ಒಟ್ಟಿಗೆ ಮಾಯವಾಗಬೇಕು. 1000ದಲ್ಲಿ ಒಂದು ಕಡೆ 40 ಸಲ, ಇನ್ನೊಂದು ಕಡೆ 40 ಸಲ, ನೀರು ಹಾಕುತ್ತಾ. ಮುಂಗೈ ಕೂದಲನ್ನು ಚರ್ಮದ ಮಟ್ಟದಲ್ಲಿ ಅಲಗು ತನ್ನ ಬುಡದಿಂದ ತುದಿಯವರೆಗೆ ಎಲ್ಲ ಕಡೆಯೂ ಕೊಯ್ಯುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. ಹೊಸಬರು ಸೋಲುವುದು ಇಲ್ಲೇ. 1000ದಲ್ಲಿ ಎರಡೂ ಬದಿ ಅಂಚಿನಲ್ಲಿ ಕೂಡದ ಬಾಯಿಯನ್ನು 12000ದಲ್ಲಿ ಎಷ್ಟು ತಿಕ್ಕಿದರೂ ಮೊಂಡು ಬಾಯಿಗೆ ಹೊಳಪು ಬರುತ್ತದೆ ಅಷ್ಟೆ. ನಿಮ್ಮ ದಪ್ಪ ಅಲಗಿನಲ್ಲಿ ಕಲ್ಲಿಗೆ ತಾಗುವ ಉಕ್ಕು ಹೆಚ್ಚು, ಹಾಗಾಗಿ ಇದಕ್ಕೇ ಒಂದು ಗಂಟೆ ಹಿಡಿದರೂ ಬೇಸರ ಬೇಡ.

ಆಮೇಲೆ ಪ್ರತಿ ಕಲ್ಲಿನಲ್ಲೂ 30 ಸಲ, ಬಾಯಿ ಮುಂದಾಗಿ, ಬುಡದಿಂದ ತುದಿಗೆ ಓರೆಯಾಗಿ ಜಾರಿಸುತ್ತಾ. ಕೊನೆಯದರಲ್ಲಿ ಕತ್ತಿಯ ಭಾರ ಮಾತ್ರ, ಕೈಭಾರ ಬೇಡ. ಬೆನ್ನಿಗೆ ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸಿದರೆ ಬೆನ್ನು ಸವೆಯುವುದಿಲ್ಲ. ಪ್ರತಿ ಕಲ್ಲಿಗೂ ಹೊಸ ಟೇಪ್.

ಮುದ್ರೆನೋಡುವವ:
ಟೇಪಿಗೆ ನನ್ನ ಒಪ್ಪಿಗೆ ಇಲ್ಲ ಗುರುಗಳೇ. 0.15 ಮಿ.ಮೀ. ಟೇಪ್ ಎರಡೂ ಬದಿಗೆ ಸೇರಿ 0.3. 19 ಮಿ.ಮೀ. ಅಲಗಿಗೆ ಕೋನ ಸುಮಾರು ಒಂದು ಡಿಗ್ರಿ ಏರುತ್ತದೆ. ಬೆನ್ನು ಮತ್ತು ಬಾಯಿ ಒಟ್ಟಿಗೆ ಸವೆದರೇ ತಾನೇ ಕೋನ ಉಳಿಯುವುದು? ಬೆನ್ನ ಮೇಲೆ ಕೆತ್ತನೆ ಇದ್ದರೆ ಮಾತ್ರ ಟೇಪ್ ಅಂಟಿಸಿ.

ಮಸೆಗಲ್ಲು:
ಒಂದು ಡಿಗ್ರಿಗೆ ಗಡ್ಡಕ್ಕೇನೂ ಗೊತ್ತಾಗುವುದಿಲ್ಲ. ಒಮ್ಮೆ ಟೇಪ್ ಹಾಕಿದರೆ ಪ್ರತಿ ಸಲವೂ ಹಾಕಬೇಕು ಅನ್ನುವುದು ಮಾತ್ರ ನೆನಪಿರಲಿ.

ಇನ್ನು ಬಾಯಿ ಹದ ಮಾಡುವ ಬಟ್ಟೆ-ಚರ್ಮದ ಪಟ್ಟಿ (ಸ್ಟ್ರಾಪ್). ದಿನವೂ ಕ್ಷೌರಕ್ಕೆ ಮುಂಚೆ ಬಟ್ಟೆಯ ಮೇಲೆ 20, ಚರ್ಮದ ಮೇಲೆ 50 ಸಲ. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಕೊಯ್ದುಹೋಗುತ್ತದೆ. ಜೋತಾಡುವ ಪಟ್ಟಿ ಬಾಯಿಯನ್ನು ದುಂಡಗೆ ಮಾಡುತ್ತದೆ, ಬಿಗಿಯಾಗಿ ಎಳೆದು ಹಿಡಿಯಿರಿ.

ಕೆರೆಯುವಾಗ ಅಲಗಿಗೂ ಚರ್ಮಕ್ಕೂ ನಡುವೆ 30 ಡಿಗ್ರಿ, ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ. ಅಲಗನ್ನು ಬಾಯಿಯ ಉದ್ದಕ್ಕೇ ಜಾರಿಸಿದರೆ ರಕ್ತ ಖಂಡಿತ. ಮೊದಲ ಹತ್ತು ಸಲ ಕೆನ್ನೆ ಮಾತ್ರ, ಗದ್ದದ ತಂಟೆ ಬೇಡ. ಅರ್ಧ ಬ್ಲೇಡಿನ ಕತ್ತಿ ಹಗುರ, ಬಾಯಿ ಕಟುವಾದದ್ದು, ಕೈ ತಪ್ಪಿದರೆ ಕ್ಷಮಿಸುವುದಿಲ್ಲ; ಬೇರೆ ಬೇರೆ ಜನರ ಮುಖ ಮುಟ್ಟುವ ಸಲೂನಿಗೆ ಅದೇ ಸರಿ. ದಪ್ಪ ಶೆಫೀಲ್ಡ್ ತನ್ನ ಭಾರಕ್ಕೇ ಇಳಿಯುತ್ತದೆ, ನೀವು ಒತ್ತಬೇಕಾಗಿಲ್ಲ. ಒತ್ತಬೇಕು ಅನ್ನಿಸಿದ ದಿನ ಕ್ಷೌರ ನಿಲ್ಲಿಸಿ, ಪಟ್ಟಿಗೆ ವಾಪಸ್ ಹೋಗಿ.