ಬ್ಲಾಕ್‌ಚೈನ್ ಹೆಸರುಗಳನ್ನು ಸಾಮಾನ್ಯ ಡಿಎನ್ಎಸ್ ಸರ್ವರಿಗೆ ಜೋಡಿಸಿದ ಅನುಭವ ಯಾರಿಗಾದರೂ ಇದೆಯೇ?

ಪ್ರಶ್ನೆ, ಬಳ್ಳಾರಿಯಿಂದ:

ನಮಸ್ಕಾರ. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ ನನ್ನದು. ಅಂತಿಮ ವರ್ಷದ ವಿದ್ಯಾರ್ಥಿಗಳ ತಂಡವೊಂದು ನೇಮ್‌ಕಾಯಿನ್‌ನ (ಹೆಸರುಗಳನ್ನು ಬ್ಲಾಕ್‌ಚೈನ್ ಎಂಬ ಹಂಚಿಕೆಯ ದಾಖಲೆಪುಸ್ತಕದಲ್ಲಿ ಬರೆದಿಡುವ ಜಾಲ) 'ಡಾಟ್ ಬಿಟ್' ಎಂದು ಕೊನೆಗೊಳ್ಳುವ ಹೆಸರುಗಳು ಪ್ರಯೋಗಾಲಯದ ಎಲ್ಲ ಕಂಪ್ಯೂಟರುಗಳಲ್ಲಿಯೂ ಸಾಮಾನ್ಯ ವಿಳಾಸಗಳಂತೆಯೇ ತೆರೆದುಕೊಳ್ಳುವ ಏರ್ಪಾಡನ್ನು ಪ್ರಾಜೆಕ್ಟಾಗಿ ಕೈಗೆತ್ತಿಕೊಂಡಿದೆ. ಒಂದು ಲಿನಕ್ಸ್ ಯಂತ್ರದಲ್ಲಿ ನೇಮ್‌ಕಾಯಿನ್ ಕೋರ್ (ಆ ಜಾಲದ ಮೂಲ ತಂತ್ರಾಂಶ), ಎನ್‌ಸಿಡಿಎನ್ಎಸ್ (ಬ್ಲಾಕ್‌ಚೈನ್ ಮಾಹಿತಿಯನ್ನು ಡಿಎನ್ಎಸ್ ಉತ್ತರವಾಗಿ ಕೊಡುವ ಸೇತುವೆ) ಮತ್ತು ಅನ್‌ಬೌಂಡ್ (ಕಂಪ್ಯೂಟರುಗಳ ಪರವಾಗಿ ಹೆಸರುಗಳ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಸರ್ವರ್) ಮೂರನ್ನೂ ಹಾಕಿದ್ದೇವೆ. ಎನ್‌ಸಿಡಿಎನ್ಎಸ್‌ಗೆ ನೇರವಾಗಿ ಕೇಳಿದರೆ ಐಪಿ ವಿಳಾಸ ಬರುತ್ತದೆ. ಅದೇ ಹೆಸರನ್ನು ಅನ್‌ಬೌಂಡ್ ಮೂಲಕ ಕೇಳಿದರೆ 'ಸರ್ವ್‌ಫೇಲ್' (ಸರ್ವರಿಗೆ ಉತ್ತರ ಕೊಡಲಾಗಲಿಲ್ಲ) ಎಂದಷ್ಟೇ ಬರುತ್ತದೆ. ಇದಲ್ಲದೆ, ಎನ್‌ಸಿಡಿಎನ್ಎಸ್ ಬಿಟ್ಟು ನಡುವಿನ ಸೇತುವೆಯನ್ನು ತಾವೇ ಬರೆಯಬೇಕೆಂಬ ಹುಮ್ಮಸ್ಸು ವಿದ್ಯಾರ್ಥಿಗಳಿಗಿದೆ. ಅದು ಅವರ ಕೈಲಾಗುವ ಕೆಲಸವೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ, ರಾಯಚೂರಿನಿಂದ:

ಸರ್, ತಮ್ಮ ಸರ್ವ್‌ಫೇಲ್‌ಗೆ ಎರಡು ಕಾರಣಗಳಿರಬಹುದು, ಬಹುಮಟ್ಟಿಗೆ ಎರಡೂ ಇರುತ್ತವೆ. ಅನ್‌ಬೌಂಡ್ ತಾನಿರುವ ಯಂತ್ರದಲ್ಲಿಯೇ ಇರುವ ಇನ್ನೊಂದು ಸರ್ವರನ್ನು ಕೇಳುವುದಿಲ್ಲವೆಂಬುದು ಅದರ ಮೂಲ ನಿಯಮ. 'ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್' ಎಂಬ ಆಯ್ಕೆಗೆ 'ನೋ' ಎಂದು ಬರೆದರೆ ಈ ತಡೆ ಹೋಗುತ್ತದೆ.

ಎರಡನೆಯ ಕಾರಣ ಡಿಎನ್ಎಸ್‌ಸೆಕ್, ಎಂದರೆ ಡಿಎನ್ಎಸ್ ಉತ್ತರಗಳು ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ಪರಿಶೀಲಿಸುವ ವ್ಯವಸ್ಥೆ. ಅಂತರ್ಜಾಲದ ಮೂಲ ವಲಯ (ಎಲ್ಲ ಹೆಸರುಗಳ ಮೇಲ್ತುದಿಯ ಪಟ್ಟಿ) 2010ರಿಂದ ಸಹಿಯುಕ್ತವಾಗಿದೆ. 'ಬಿಟ್' ಎಂಬ ವಲಯವಿದೆಯೇ ಎಂದು ಅನ್‌ಬೌಂಡ್ ಅಲ್ಲಿ ವಿಚಾರಿಸಿದಾಗ ಅಕ್ಷರಕ್ರಮದಲ್ಲಿ 'ಬಯೋ' ಮತ್ತು 'ಬಿಜ್' ವಲಯಗಳ ನಡುವೆ ಮತ್ತೇನೂ ಇಲ್ಲವೆಂಬ ಸಹಿ ಹಾಕಿದ ಪುರಾವೆ ಬರುತ್ತದೆ. ಇಲ್ಲವೆಂದು ರುಜುವಾತಾದ ವಲಯದಿಂದ ಉತ್ತರ ಬಂದರೆ ಅದನ್ನು ಖೋಟಾ ಎಂದು ತಳ್ಳಿಹಾಕುವುದು ಅನ್‌ಬೌಂಡ್‌ನ ಧರ್ಮ, ಅದರಲ್ಲಿ ಅದರ ತಪ್ಪಿಲ್ಲ. ಆದ್ದರಿಂದ 'ಡೊಮೇನ್-ಇನ್‌ಸೆಕ್ಯೂರ್' ಸಾಲಿನಲ್ಲಿ 'ಬಿಟ್' ಒಂದನ್ನು ಮಾತ್ರ ಸೇರಿಸಿರಿ. ಕೆಲವರು ಬೇಸತ್ತು ಸಹಿ ಪರಿಶೀಲನೆಯನ್ನೇ ಪೂರ್ತಿ ನಿಲ್ಲಿಸುತ್ತಾರೆ; ಒಂದು ಪ್ರಾಜೆಕ್ಟಿಗಾಗಿ ಇಡೀ ಪ್ರಯೋಗಾಲಯದ ರಕ್ಷಣೆಯನ್ನು ಬಿಟ್ಟುಕೊಡುವುದು ನನಗೆ ಸರಿಕಾಣುವುದಿಲ್ಲ.

ಮತ್ತೊಂದು ಮಾತು. 'ಫಾರ್ವರ್ಡ್-ಜೋನ್' ಬೇಡ, 'ಸ್ಟಬ್-ಜೋನ್' ಬಳಸಿರಿ. ಫಾರ್ವರ್ಡ್ ಎಂದರೆ ಎದುರಿನ ಸರ್ವರ್ ಎಲ್ಲವನ್ನೂ ತಾನೇ ಹುಡುಕಿ ಪೂರ್ಣ ಉತ್ತರ ಕೊಡುತ್ತದೆಂಬ ನಂಬಿಕೆ. ಎನ್‌ಸಿಡಿಎನ್ಎಸ್ ಹಾಗೆ ಹುಡುಕುವುದಿಲ್ಲ. ಬ್ಲಾಕ್‌ಚೈನ್‌ನಲ್ಲಿ ಬರೆದಿರುವುದನ್ನು ಅಧಿಕೃತವಾಗಿ ಹೇಳುವುದಷ್ಟೇ ಅದರ ಕೆಲಸ. ಹೆಸರಿನ ಮಾಹಿತಿಯಲ್ಲಿ ನೇರವಾಗಿ ಐಪಿ ಇದ್ದರೆ ಎರಡು ವಿಧಾನಗಳಲ್ಲೂ ಉತ್ತರ ಸಿಗುತ್ತದೆಯಾದ್ದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಒಡೆಯರು ಐಪಿಯ ಬದಲು 'ಎನ್ಎಸ್' ಎಂದು ಬೇರೊಂದು ನೇಮ್‌ಸರ್ವರಿನ ಕಡೆಗೆ ಕೈತೋರಿಸಿದ್ದ ಪಕ್ಷದಲ್ಲಿ, ಆ ಜಾಡು ಹಿಡಿದು ಹೋಗುವುದು ಸ್ಟಬ್ ಮಾತ್ರ. ಕೆಲವು ಹೆಸರುಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಉತ್ತರ, ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ:

ಸೇತುವೆಯನ್ನು ತಾವೇ ಬರೆಯುವ ವಿಚಾರಕ್ಕೆ ನನ್ನ ಪೂರ್ಣ ಬೆಂಬಲವಿದೆ. ಪವರ್‌ಡಿಎನ್ಎಸ್ ಎಂಬ ಇನ್ನೊಂದು ಡಿಎನ್ಎಸ್ ತಂತ್ರಾಂಶದ ಅಧಿಕೃತ ಸರ್ವರಿನಲ್ಲಿ 'ಪೈಪ್ ಬ್ಯಾಕೆಂಡ್' ಎಂಬ ಸೌಲಭ್ಯವಿದೆ. ಸರ್ವರ್ ಪ್ರತಿಯೊಂದು ಪ್ರಶ್ನೆಯನ್ನೂ ಟ್ಯಾಬ್‌ಗಳಿಂದ ಬೇರ್ಪಡಿಸಿದ ಒಂದು ಸಾಲಾಗಿ ನಮ್ಮ ಸ್ಕ್ರಿಪ್ಟಿಗೆ ಕೊಡುತ್ತದೆ, ಸ್ಕ್ರಿಪ್ಟು ಅಂಥದೇ ಸಾಲುಗಳಲ್ಲಿ ಉತ್ತರ ಬರೆದು 'ಎಂಡ್' ಎಂದು ಮುಗಿಸುತ್ತದೆ. ಪೈಥಾನ್ ಬಲ್ಲ ವಿದ್ಯಾರ್ಥಿಗೆ ಇದು ಭಾರವಲ್ಲ. ಹೆಸರಿನ ಆರಂಭಕ್ಕೆ 'ಡಿ' ಅಕ್ಷರ ಮತ್ತು ಓರೆಗೆರೆ ಸೇರಿಸಿ ನೇಮ್‌ಕಾಯಿನ್ ಕೋರ್‌ಗೆ 'ನೇಮ್-ಶೋ' ಕೇಳಿದರೆ ಜೇಸನ್ ಎಂಬ ಪಠ್ಯರೂಪದಲ್ಲಿ ಮಾಹಿತಿ ಬರುತ್ತದೆ. ಪವರ್‌ಡಿಎನ್ಎಸ್ ಮೊದಲು ವಲಯದ ಎಸ್ಒಎ ದಾಖಲೆಯನ್ನೇ (ವಲಯದ ಮೂಲ ವಿವರಗಳಿರುವ ದಾಖಲೆ) ಕೇಳುವುದರಿಂದ ಅದನ್ನು ಮರೆಯುವಂತಿಲ್ಲ.

ಕಷ್ಟವಿರುವುದು 'ಇಲ್ಲ' ಮತ್ತು 'ಗೊತ್ತಿಲ್ಲ' ಎಂಬ ಎರಡು ಉತ್ತರಗಳನ್ನು ಬೇರೆಬೇರೆಯಾಗಿ ಇಡುವುದರಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಕರೆಂಟ್ ಬಂದು ಯಂತ್ರ ಮತ್ತೆ ಶುರುವಾದಾಗ ನೋಡ್ (ನಮ್ಮ ಯಂತ್ರದ ನೇಮ್‌ಕಾಯಿನ್ ಕೋರ್) ಹಿಂದುಳಿದಿರುತ್ತದೆ, ತಪ್ಪಿಹೋದ ಬ್ಲಾಕುಗಳನ್ನು ತರಿಸಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಹೊಸ ಹೆಸರನ್ನು ಕೇಳಿದರೆ ಅದಕ್ಕೆ ಸಿಗುವುದಿಲ್ಲ. ಸ್ಕ್ರಿಪ್ಟು ಅದನ್ನು 'ಅಂಥ ಹೆಸರಿಲ್ಲ' ಎಂದು ದಾಟಿಸಿದರೆ, ಎಸ್ಒಎಯಲ್ಲಿ ನಾವೇ ಬರೆದ ಅವಧಿಯವರೆಗೆ ಆ ಸುಳ್ಳು ಅನ್‌ಬೌಂಡ್‌ನ ನೆನಪಿನಲ್ಲಿ ಉಳಿದುಬಿಡುತ್ತದೆ. ಹೀಗಾಗಿ ನೋಡ್ ಪೂರ್ತಿ ಸಮಕಾಲಿಕವಾಗಿದೆಯೇ ಎಂದು ಮೊದಲು ಪರೀಕ್ಷಿಸಿ, ಆಗಿಲ್ಲದಿದ್ದರೆ 'ಫೇಲ್' ಎಂಬ ಸಾಲನ್ನು ಕೊಡಬೇಕು. ಸರ್ವ್‌ಫೇಲ್ ನೋಡಲು ಒರಟಾದರೂ ಇಂಥ ಸಂದರ್ಭದಲ್ಲಿ ಅದೇ ಪ್ರಾಮಾಣಿಕ ಉತ್ತರ. ಇದಕ್ಕೆ ವಿರುದ್ಧವಾದದ್ದೂ ಇದೆ: ನೇಮ್‌ಕಾಯಿನ್ ಹೆಸರು 36,000 ಬ್ಲಾಕುಗಳಿಗೆ, ಎಂದರೆ ಸುಮಾರು 250 ದಿನಗಳಿಗೆ, ನವೀಕರಿಸದಿದ್ದರೆ ಅವಧಿ ಮೀರುತ್ತದೆ. ಅವಧಿ ಮೀರಿದ್ದನ್ನು ಸೂಚಿಸುವ ಅಂಶ ಮಾಹಿತಿಯಲ್ಲಿಯೇ ಇರುತ್ತದೆ; ಅಂಥ ಹೆಸರನ್ನೂ ತೋರಿಸುವಂತೆ ನೋಡ್ ಹೊಂದಿಸಿದ್ದರೆ, ಅದನ್ನು ನೋಡದ ಸ್ಕ್ರಿಪ್ಟು ಸತ್ತ ಹೆಸರಿಗೂ ವಿಳಾಸ ಕೊಡುವ ಅಪಾಯವಿದೆ.

ಅಕ್ಷರಗಳ ವಿಷಯವನ್ನೂ ಗಮನಿಸಿರಿ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳಲ್ಲಿ ಡಿಎನ್ಎಸ್ ಭೇದವೆಣಿಸುವುದಿಲ್ಲ, ಬ್ಲಾಕ್‌ಚೈನ್ ಎಣಿಸುತ್ತದೆ. ಸಣ್ಣಕ್ಷರಕ್ಕೆ ಇಳಿಸಿಯೇ ನೋಡ್‌ಗೆ ಕೇಳಬೇಕು.

ಉತ್ತರ, ಬಳ್ಳಾರಿಯ ಇನ್ನೊಬ್ಬರಿಂದ:

ಪ್ರದರ್ಶನದ ದಿನದ ಬಗ್ಗೆ ಹೇಳುತ್ತೇನೆ. ಹೊಸ ಹೆಸರನ್ನು ಕಾಯ್ದಿರಿಸಿದ ಮೇಲೆ 12 ಬ್ಲಾಕುಗಳು ಕಳೆಯದೆ ಅದನ್ನು ಬಹಿರಂಗಪಡಿಸಲಾಗದು. ಬ್ಲಾಕಿಗೆ ಸರಾಸರಿ 10 ನಿಮಿಷವಾದ್ದರಿಂದ ಪರೀಕ್ಷಕರ ಎದುರು ನೋಂದಣಿ ಮಾಡಿ ತೋರಿಸುವ ಆಸೆ ಬೇಡ. ಬ್ಲಾಕುಗಳನ್ನು ಬೇಕೆಂದಾಗ ಹುಟ್ಟಿಸಬಹುದಾದ 'ರೆಗ್‌ಟೆಸ್ಟ್' ಸ್ಥಿತಿಯಲ್ಲಿ ಅದನ್ನು ತೋರಿಸಬಹುದು. ಬ್ರೌಸರಿನಲ್ಲಿ 'ಸುರಕ್ಷಿತ ಡಿಎನ್ಎಸ್' ಚಾಲ್ತಿಯಲ್ಲಿದ್ದರೆ ಪ್ರಶ್ನೆಯು ತಮ್ಮ ಸರ್ವರಿಗೆ ಬಾರದೆ ಹೊರಗೇ ಹೋಗಬಹುದು, ಅದನ್ನೂ ನೋಡಿಕೊಳ್ಳಿ. ಸಾರ್ವಜನಿಕ ಪ್ರಮಾಣಪತ್ರ ಸಂಸ್ಥೆಗಳು ಡಾಟ್ ಬಿಟ್ ಹೆಸರುಗಳಿಗೆ ಪ್ರಮಾಣಪತ್ರ ಕೊಡುವುದಿಲ್ಲವಾದ್ದರಿಂದ ಬೀಗದ ಚಿಹ್ನೆಯನ್ನು ಸದ್ಯಕ್ಕೆ ನಿರೀಕ್ಷಿಸಬೇಡಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ರಾಯಚೂರಿನವರು ಹೇಳಿದ ಎರಡು ಸಾಲುಗಳನ್ನು ಸೇರಿಸಿದೊಡನೆ ಅನ್‌ಬೌಂಡ್ ಉತ್ತರ ಕೊಡಲಾರಂಭಿಸಿತು. ಕಾಲೇಜಿನ ಮುಖ್ಯ ಸರ್ವರಿನಲ್ಲಿ ಬೈಂಡ್ ಎಂಬ ಡಿಎನ್ಎಸ್ ಸರ್ವರ್ ಇದೆ. ಅದಕ್ಕೂ ಎನ್‌ಸಿಡಿಎನ್ಎಸ್ ಅನ್ನು ಬೇರೆಯಾಗಿ ಜೋಡಿಸಬೇಕೇ?

ಉತ್ತರ, ರಾಯಚೂರಿನಿಂದ:

ಬೇಕಿಲ್ಲ, ಸರ್. ತಮ್ಮ ಅನ್‌ಬೌಂಡ್ ತಾನೇ ಹುಡುಕಿ ಪೂರ್ಣ ಉತ್ತರ ಕೊಡುವ ಸರ್ವರ್ ಆಗಿರುವುದರಿಂದ ಇಲ್ಲಿ ಫಾರ್ವರ್ಡ್ ವಿಧಾನವೇ ಸರಿ. ಬೈಂಡ್‌ನಲ್ಲಿ 'ಬಿಟ್' ವಲಯವನ್ನು ಅನ್‌ಬೌಂಡ್ ಕಡೆಗೆ ಫಾರ್ವರ್ಡ್ ಮಾಡಿ, 'ಫಾರ್ವರ್ಡ್ ಓನ್ಲಿ' ಎಂದು ಬರೆಯಿರಿ. ಇಲ್ಲವಾದರೆ ಅನ್‌ಬೌಂಡ್ ಸುಮ್ಮನಿದ್ದಾಗ ಬೈಂಡ್ ಮೂಲ ವಲಯಕ್ಕೇ ಹೋಗಿ 'ಇಲ್ಲ' ಎಂಬ ಉತ್ತರ ತರುತ್ತದೆ. 'ವ್ಯಾಲಿಡೇಟ್-ಎಕ್ಸೆಪ್ಟ್' ಪಟ್ಟಿಯಲ್ಲಿಯೂ 'ಬಿಟ್' ಇರಲಿ, ಏಕೆಂದರೆ ಬೈಂಡ್ ಕೂಡ ಸಹಿಯನ್ನು ತಾನೇ ಪರಿಶೀಲಿಸುತ್ತದೆ. ಅನ್‌ಬೌಂಡ್‌ನ 'ಆಕ್ಸೆಸ್-ಕಂಟ್ರೋಲ್'ನಲ್ಲಿ ಪ್ರಯೋಗಾಲಯದ ಜಾಲ ಮತ್ತು ಬೈಂಡ್‌ನ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿರಿ.