ಪದ್ಯ ಕೊಟ್ಟರ ಸಾರಾಂಶ ಬರೀತಾಳ, ವಿಮರ್ಶೆ ಬರವಲ್ಲದು. ಹೆಂಗ ತಿದ್ದಬೇಕು?

ಪ್ರಶ್ನೆ (ಮುಧೋಳ): ಮಗಳು ಬಿ.ಎ. ಮೊದಲ ವರ್ಷ, ಕನ್ನಡ ಐಚ್ಛಿಕ. ಕಥಿ ಪೂರ್ತಿ ಗೊತ್ತೈತಿ. "ಸ್ವಾರಸ್ಯ ವಿವರಿಸಿ" ಅಂದ್ರ ಮತ್ತ ಅದೇ ಕಥೀನ ಎರಡು ಪುಟ ಬರೀತಾಳ. ನಮ್ಮೂರ ಕವಿ ರನ್ನನ ಗದಾಯುದ್ಧದ "ಆ ರವಮಂ" ಪದ್ಯಕ್ಕ 10ಕ್ಕ 4 ಬಂದಾವ. ಪರೀಕ್ಷೆಗೆ ಮೂರು ತಿಂಗಳದಾವ. ಮನ್ಯಾಗ ಏನು ಮಾಡಿಸಬಹುದು?

ಜಮಖಂಡಿ, ಕನ್ನಡ ಉಪನ್ಯಾಸಕಿ: ಅದೇ ಪದ್ಯದಿಂದಲೇ ಶುರು ಮಾಡಿಸಿ.

ಆ ರವಮಂ ನಿರ್ಜಿತಕಂ-
ಠೀರವರವಮಂ ನಿರಸ್ತಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಮೊದಲು ಸಂಧಿ ಬಿಡಿಸಿ ಅನ್ವಯ (ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸುವುದು) ಬರೆಯಲಿ: ಕೋಪಾರುಣನೇತ್ರಂ ಉರಗಪತಾಕಂ ಆ ರವಮಂ ಕೇಳ್ದು ಆ ನೀರೊಳಗೆ ಇರ್ದುಂ ಬೆಮರ್ತಂ. ಅಂದರೆ, ಕೋಪದಿಂದ ಕಣ್ಣು ಕೆಂಪಾದ ದುರ್ಯೋಧನ ಭೀಮನ ಆ ಕೂಗು ಕೇಳಿ, ನೀರೊಳಗಿದ್ದರೂ ಬೆವರಿದ. ಸಾರಾಂಶ ಅಂದರೆ ಇಷ್ಟೇ, ಉತ್ತರದಲ್ಲಿ ಇದಕ್ಕೆ ಎರಡು ವಾಕ್ಯ ಸಾಕು. ಆಮೇಲೆ ಪ್ರತಿ ಪದಕ್ಕೂ "ಇದು ಇಲ್ಲದಿದ್ದರೆ ಏನು ಹೋಗುತ್ತಿತ್ತು?" ಎಂದು ಕೇಳಿಕೊಳ್ಳಲಿ. "ಇರ್ದುಂ" ಎಂಬಲ್ಲಿನ "ಉಂ" ತೆಗೆದರೆ ನೀರಿನಲ್ಲಿದ್ದರೂ ಬೆವರಿದ ಎಂಬ ಬೆರಗೇ ಹೋಯಿತು. ಸಿಂಹದ ದನಿ, ಮೋಡದ ದನಿ ಎರಡನ್ನೂ ಸೋಲಿಸಿದ ಭೀಮನ ಕೂಗು "ರವ, ರವ" ಎಂದು ಕಿವಿಗೆ ಬಡಿಯುತ್ತಾ ಬರುತ್ತದೆ; ಅದನ್ನು ಕೇಳಿದವನು ಯಾರು ಎಂಬುದು ಮಾತ್ರ ಕೊನೆಯ ಪದದವರೆಗೆ ಗೊತ್ತಾಗುವುದಿಲ್ಲ. ಹೆಸರೂ ದುರ್ಯೋಧನ ಎಂದಿಲ್ಲ, ಹಾವಿನ ಬಾವುಟದವನು. ನೀರೊಳಗೆ ಅಡಗಿದವನಿಗೆ ಆ ಹೆಸರೇ ಯಾಕೆ? ಇಲ್ಲಿಂದ ಅವಳ ಸ್ವಂತ ಮಾತು ಶುರುವಾಗಬೇಕು.

ಗೈಡುಗಳು "ಹೆದರಿ ಬೆವರಿದ" ಎಂದು ಮುಗಿಸುತ್ತವೆ. ಪದ್ಯದಲ್ಲಿ ಅವನ ಕಣ್ಣು ಕೋಪದಿಂದ ಕೆಂಪಾಗಿದೆಯಲ್ಲ! ಬೆವರು ಸಾತ್ವಿಕ ಭಾವಗಳಲ್ಲಿ (ಮನಸ್ಸಿನ ಭಾವ ಮೈಮೇಲೆ ತಾನಾಗಿ ಕಾಣಿಸುವ ಗುರುತುಗಳಲ್ಲಿ) ಒಂದು, ಭಯಕ್ಕೂ ಬರುತ್ತದೆ, ಕ್ರೋಧಕ್ಕೂ ಬರುತ್ತದೆ. ಎರಡರಲ್ಲಿ ಒಂದು ಪಕ್ಷ ಹಿಡಿದು, ಇನ್ನೊಂದು ಯಾಕೆ ಸಾಲದು ಎಂದು ಪದ್ಯದ ಪದ ತೋರಿಸಿ ವಾದಿಸಿದರೆ ಅದೇ ವಿಮರ್ಶೆ.

ವಿಜಯಪುರ, ಹಳಗನ್ನಡ ಪಾಠ ಮಾಡುವವರು: ಮೇಲಿನದು ಸರಿ, ಆದರೆ ಅದಕ್ಕೂ ಮೊದಲು ಗಟ್ಟಿಯಾಗಿ ಓದಿಸ್ರಿ, ಮೂರು ಸಲ. ಕಂದ ಪದ್ಯದಾಗ ನಾಲ್ಕು ಮಾತ್ರೆಯ ಗಣ, ಸಾಲಿಗೆ 3, 5, 3, 5. ಸಾಲು ಮುರಿಯೋ ಕಡೆ ನಿಂತು ಓದಿದ್ರ "ಕಂ", "ಕೋ" ಅಂತ ಪದ ತುಂಡಾಗಿ ಅರ್ಥ ಕೆಡ್ತದ. ಛಂದಸ್ಸು, ಅಲಂಕಾರದ ಹೆಸರು ಬರದು ಕೈ ತೊಳ್ಕೊಳ್ಳೋದು ಇನ್ನೊಂದು ರೋಗ. "ಇಲ್ಲಿ ಅನುಪ್ರಾಸ ಇದೆ" ಅಂದ ಮ್ಯಾಲೆ "ಅದರಿಂದ…" ಅಂತ ಮುಂದಿನ ವಾಕ್ಯ ಬರಲೇಬೇಕು. ಪದದ ಅರ್ಥಕ್ಕ ಕಿಟೆಲ್ ನಿಘಂಟು ಇಟ್ಕೊಳ್ಳಿ. 1894ರದಾದರೂ ಹಳಗನ್ನಡಕ್ಕ ಇನ್ನೂ ಕೆಲಸ ಕೊಡ್ತದ. ವಿಮರ್ಶಾ ಲೇಖನಗಳನ್ನ ಮಾತ್ರ ಅವಳ ಟಿಪ್ಪಣಿ ಆದ ಮ್ಯಾಲೇ ಕೊಡ್ರಿ. ಮೊದಲ ಕೊಟ್ರ ಅವರ ಮಾತೇ ಇವಳ ಪೆನ್ನಿನಿಂದ ಇಳೀತದ.

ಇಂಡಿ: ಹಳಗನ್ನಡ ಬ್ಯಾಸರಾದ್ರ ನಡುವೆ ತ್ರಿಪದಿ ಹಿಡೀರಿ. ಹಲಸಂಗಿ ಗೆಳೆಯರು ಕೂಡಿಸಿದಂಥ ಬೀಸುವ ಹಾಡು ನಮ್ಮ ಕಡೆ ಮುದುಕ್ಯಾರಿಗೆ ಇನ್ನೂ ಬರ್ತಾವ. ಒಂದೇ ಹಾಡನ್ನ ಇಬ್ಬರ ಬಾಯಿಂದ ಬರಕೊಂಡು, ಎಲ್ಲಿ ಪದ ಬದಲಾತು, ಬದಲಾಗಿದ್ದಕ್ಕ ಏನಾತು ಅಂತ ಅರ್ಧ ಪುಟ. ಪದ ತೂಗೋದು ಇದರಾಗ ಲಗೂನ ಕಲೀತಾರ.

ಗೋಕಾಕ, ಉತ್ತರಪತ್ರಿಕೆ ತಿದ್ದುವವರು: ಹಳೆ ಉತ್ತರ ತೆಗೆದು ಪ್ರತಿ ವಾಕ್ಯದ ಪಕ್ಕ "ಕ" (ಕಥೆ) ಅಥವಾ "ವಿ" (ವಿಚಾರ) ಎಂದು ಅವಳೇ ಬರೆಯಲಿ. ಮುಕ್ಕಾಲು ಪಾಲು "ಕ" ಬಂದರೆ ಅಂಕ ಎಲ್ಲಿ ಹೋಯಿತೆಂದು ಯಾರೂ ಹೇಳಬೇಕಿಲ್ಲ. "ಕನ್ನಡ ಸಾಹಿತ್ಯಕ್ಕೆ ಅಪಾರ ಕೊಡುಗೆ ನೀಡಿದ ರನ್ನ" ಎಂಬ ಪೀಠಿಕೆಗೆ ಪೂರ್ತಿ ಕೆಂಪು ಗೀಟು. ನೂರು ಪತ್ರಿಕೆಯಲ್ಲಿ ಅದೇ ಓದಿ ಸಾಕಾಗಿರುತ್ತದೆ. ವಾರಕ್ಕೆ 2 ಪ್ಯಾರಾ ಸಾಕು, ಒಂದೊಂದು 120 ಪದದ ಒಳಗೆ. ಮೊದಲ ವಾಕ್ಯದಲ್ಲೇ ಅವಳ ಅಭಿಪ್ರಾಯ, ನಂತರ ಪದ್ಯದ ಮೂರೋ ನಾಲ್ಕೋ ಪದ, ಆಮೇಲೆ ಆ ಪದಗಳ ಮೇಲೆ ಮೂರು ವಾಕ್ಯ. ಇಡೀ ಪದ್ಯ ಉದ್ಧರಿಸಿ ಜಾಗ ತುಂಬಬಾರದು. ಎರಡು ದಿನ ಬಿಟ್ಟು ಅದೇ ಪ್ಯಾರಾ ತಿರುಗಿ ಬರೆಸಿ. ಒಂದು ಸಲಕ್ಕೆ ಒಂದೇ ದೋಷ ತಿದ್ದಿ: ಈ ವಾರ ಆಧಾರ, ಮುಂದಿನ ವಾರ ವಾಕ್ಯ, ಮಹಾಪ್ರಾಣದ ತಪ್ಪು ಕೊನೆಗೆ. ಮೊದಲೇ ಕಾಗುಣಿತ ಹಿಡಿದರೆ ತಪ್ಪಿಗೆ ಅಂಜಿ ಸಣ್ಣ ಸಣ್ಣ ಸುರಕ್ಷಿತ ವಾಕ್ಯ ಬರೆಯತೊಡಗುತ್ತಾರೆ, ವಿಚಾರ ನಿಲ್ಲುತ್ತದೆ.